ಸಂತೆಯ ಮಿಂಗ್ ಬಟ್ಟಲು



2014ರ ಏಪ್ರಿಲ್ ತಿಂಗಳಲ್ಲಿ ಹಾಂಗ್‌ಕಾಂಗಿನ ಸೋದಬೀಸ್ ಹರಾಜಿನಲ್ಲಿ ಒಂದು ಪಿಂಗಾಣಿ ಬಟ್ಟಲು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಅಂಗೈಯೊಳಗೆ ಕೂರುವ ಬಟ್ಟಲು, ಬಾಯಿಯ ಅಗಲ ಸುಮಾರು 8 ಸೆಂಟಿಮೀಟರು. ಹೊರಮೈ ಮೇಲೆ ಒಂದು ಹುಂಜ, ಒಂದು ಹೇಂಟೆ, ಸುತ್ತ ಮರಿಗಳು. ಮಿಂಗ್ ವಂಶದ ಚೆಂಗ್‌ಹುವಾ ಚಕ್ರವರ್ತಿಯ ಕಾಲದ್ದು, ಅಂದರೆ 1465ರಿಂದ 1487ರ ನಡುವೆ ಎಂದೋ ಸುಟ್ಟದ್ದು. ಕೊಂಡವರು ಶಾಂಘೈಯ ಲಿಯು ಯಿಚಿಯಾನ್. ಒಂದು ಕಾಲಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದು, ಆಮೇಲೆ ಷೇರುಪೇಟೆಯಲ್ಲಿ ದುಡ್ಡು ಕಂಡವರು. ಬಟ್ಟಲು ಕೈಗೆ ಬಂದದ್ದೇ ಅದರಲ್ಲಿ ಚಹಾ ಸುರಿದುಕೊಂಡು ಕುಡಿದರು. ಆ ಚಿತ್ರ ಚೀನಾದಲ್ಲೆಲ್ಲ ಹರಡಿ, ಮೆಚ್ಚಿದವರಷ್ಟೇ ಬೈದವರೂ ಇದ್ದರು.

ಅದೇ ಬಟ್ಟಲು ಬೀಜಿಂಗಿನ ಪಾನ್‌ಜಿಯಾಯುವಾನ್ ಸಂತೆಯಲ್ಲಿ ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಸಾಲಾಗಿ ಕೂತಿರುತ್ತದೆ. ಅದೇ ಹುಂಜ, ಅದೇ ಹೇಂಟೆ, ತಳದಲ್ಲಿ ಅದೇ ನೀಲಿ ಬಣ್ಣದ ಆರು ಅಕ್ಷರ. ಬೆಲೆ ಒಂದು ಹೊತ್ತಿನ ಊಟದಷ್ಟು. ಡಜನ್ ಬೇಕೆಂದರೆ ಪೆಟ್ಟಿಗೆ ಸಮೇತ ಕೊಡುತ್ತಾರೆ. ಚೀನಾದ ಹಳೆಯ ಸಾಮಾನನ್ನು ಬೀದಿಯಲ್ಲಿ ಕೊಳ್ಳುವುದು ಹೇಗೆ ಎಂಬುದನ್ನು ಈ ಎರಡು ಬೆಲೆಗಳ ನಡುವೆ ನಿಂತುಕೊಂಡೇ ಮಾತಾಡಬೇಕು.

ಮಗಳು ಬೀಜಿಂಗಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ನಾವು ಗಂಡ ಹೆಂಡತಿ ಅಲ್ಲಿ ಹೋಗಿ ಇದ್ದೆವು. ಶನಿವಾರ ಬಂತೆಂದರೆ ನನ್ನ ಕಾಲು ಆ ಸಂತೆಯ ಕಡೆಗೇ. ಊರಿನ ಆಗ್ನೇಯ ದಿಕ್ಕಿನಲ್ಲಿ, ಮೂರನೇ ವರ್ತುಲ ರಸ್ತೆಯ ಪಕ್ಕ ಇದೆ. ಮೆಟ್ರೊ ಹತ್ತನೇ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣ. ಹಿಂದೆ ಅಲ್ಲಿ ಪಾನ್ ಎಂಬ ಮನೆತನದವರ ಇಟ್ಟಿಗೆ ಹೆಂಚಿನ ಗೂಡು ಇತ್ತಂತೆ. ಸಂತೆ ಕಟ್ಟಿದ್ದು 1990ರ ದಶಕದ ಆರಂಭದಲ್ಲಿ. ಈಗ ಅಂಗಡಿ, ತಗಡಿನ ಮಾಡಿನ ಕಟ್ಟೆ, ನೆಲದ ಹಾಸು ಎಲ್ಲ ಸೇರಿ 4,000ದಷ್ಟು ಎನ್ನುತ್ತಾರೆ. ವಾರದ ದಿನಗಳಲ್ಲೂ ತೆರೆದಿರುತ್ತದೆ, ಆದರೆ ನೆಲದ ಮೇಲೆ ಹರಡಿ ಕೂರುವವರು ಹೆಚ್ಚಾಗಿ ಬರುವುದು ಶನಿವಾರ ಭಾನುವಾರ, ನಸುಕಿನಲ್ಲೇ.

ನಸುಕಿನಲ್ಲೇ ಏಕೆ? ಅದಕ್ಕೊಂದು ಹಳೆಯ ಕಥೆಯಿದೆ. ಕ್ವಿಂಗ್ ರಾಜವಂಶ ಮುಳುಗುವ ಹೊತ್ತಿಗೆ ಬೀಜಿಂಗಿನ ದೊಡ್ಡ ಮನೆಗಳಲ್ಲಿ ದುಡ್ಡು ಬತ್ತಿತು, ಠೀವಿ ಬತ್ತಲಿಲ್ಲ. ಮನೆಯ ಬೆಳ್ಳಿ, ಪಿಂಗಾಣಿ, ಚಿತ್ರಗಳನ್ನು ಹಗಲು ಹೊತ್ತು ಮಾರಿದರೆ ಕಂಡವರು ಆಡಿಕೊಳ್ಳುತ್ತಾರೆ. ಹಾಗಾಗಿ ಬೆಳಕು ಹರಿಯುವ ಮೊದಲು ಲಾಟೀನು ಹಿಡಿದು ಮಾರಾಟ. ಕದ್ದ ಮಾಲು ಕೈ ಬದಲಿಸುವುದಕ್ಕೂ ಅದೇ ಹೊತ್ತು ಅನುಕೂಲ. ಇಂಥದ್ದಕ್ಕೆ ಚೀನೀಯರು ದೆವ್ವದ ಸಂತೆ ಎಂದು ಹೆಸರಿಟ್ಟರು. ಈಗ ಲಾಟೀನಿನ ಜಾಗದಲ್ಲಿ ಮೊಬೈಲಿನ ಬೆಳಕು. ನಕಲು ಮಾರುವವನಿಗೆ ಕತ್ತಲೆಯಷ್ಟು ಒಳ್ಳೆಯ ಪಾಲುದಾರ ಇನ್ನೊಬ್ಬನಿಲ್ಲ ಎಂಬುದೂ ಅಷ್ಟೇ ನಿಜ.

ಸಂತೆಗೆ ಬಂದವರ ಕಣ್ಣಿನಲ್ಲೊಂದು ಆಸೆ ಇರುತ್ತದೆ. ಯಾರ ಕಣ್ಣಿಗೂ ಬೀಳದ ರತ್ನ ತನಗೆ ಸಿಗಬೇಕು, ಅದೂ ಕವಡೆ ಕಾಸಿಗೆ. ಆಸೆ ಪೂರ್ತಿ ಹುಚ್ಚೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಕುಟುಂಬ 2007ರಲ್ಲಿ ಯಾರದೋ ಮನೆಯಂಗಳದ ಹಳೇ ಸಾಮಾನು ಮಾರಾಟದಲ್ಲಿ 3 ಡಾಲರಿಗೆ ಒಂದು ಬಿಳಿ ಬಟ್ಟಲು ಕೊಂಡು ಮನೆಯಲ್ಲಿ ಇಟ್ಟಿತ್ತು. ಅದು ಸಾವಿರ ವರ್ಷ ಹಳೆಯ, ಸಾಂಗ್ ವಂಶದ ಕಾಲದ ಡಿಂಗ್ ಪಿಂಗಾಣಿ ಎಂದು ಆಮೇಲೆ ತಿಳಿಯಿತು. 2013ರಲ್ಲಿ ಹರಾಜಾದದ್ದು 22 ಲಕ್ಷ ಡಾಲರಿಗೆ. ಆದರೆ ಗಮನಿಸಿ, ಅದು ಸಿಕ್ಕಿದ್ದು ಬೆಲೆ ತಿಳಿಯದವರ ಅಂಗಳದಲ್ಲಿ. ಪಾನ್‌ಜಿಯಾಯುವಾನ್‌ನಲ್ಲಿ ನಿಮಗಿಂತ ಮೊದಲು ಆ ಹಾಸನ್ನು ನೂರು ಜೊತೆ ಪಳಗಿದ ಕಣ್ಣು ಜಾಲಾಡಿ ಹೋಗಿರುತ್ತವೆ. ಹಾಸಿನ ಹಿಂದೆ ಸಣ್ಣ ಸ್ಟೂಲಿನ ಮೇಲೆ ಕೂತು ನೂಡಲ್ಸ್ ತಿನ್ನುತ್ತಿರುವವನ ಎರಡು ಕಣ್ಣು ಬೇರೆ.

ಈಗ ಒಂದು ಬಟ್ಟಲನ್ನು ಕೈಗೆತ್ತಿಕೊಳ್ಳೋಣ. ಎತ್ತಿಕೊಳ್ಳುವ ಮೊದಲು ಅಲ್ಲಿಯ ಒಂದು ರಿವಾಜು ತಿಳಿದಿರಬೇಕು. ಒಡೆಯುವ ವಸ್ತುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಒಬ್ಬರು ಕೆಳಗಿಡಬೇಕು, ಕೈ ತೆಗೆಯಬೇಕು, ಆಮೇಲೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ನಡುವೆ ಬಿದ್ದು ಒಡೆದರೆ ಯಾರ ಕೈಯಲ್ಲಿತ್ತು ಎಂಬ ಜಗಳವೇ ಇರಬಾರದು. ಇನ್ನೊಬ್ಬ ಗಿರಾಕಿ ಹಿಡಿದು ನೋಡುತ್ತಿರುವಾಗ ನಡುವೆ ಬಾಯಿ ಹಾಕಿ ಬೆಲೆ ಕೇಳಬಾರದು. ಹಾಗೆಯೇ, ನೀವೊಂದು ಬೆಲೆ ಹೇಳಿ ಅವನು ಹೂಂ ಅಂದ ಮೇಲೆ ಹಿಂದೆ ಸರಿಯುವಂತಿಲ್ಲ. ನಮ್ಮ ಮಗಳು ಮೊದಲ ದಿನವೇ, “ಅಪ್ಪಾ, ಬೇಕು ಅಂತ ಗಟ್ಟಿ ಆದಮೇಲೆ ಬಾಯಿ ಬಿಡಿ” ಎಂದು ಹೇಳಿಕೊಟ್ಟಿದ್ದಳು.

ಬಟ್ಟಲು ಕೈಗೆ ಬಂತು. ಹೊಸಬರು ಹೊರಮೈಯ ಹೂವು ಹಕ್ಕಿ ನೋಡುತ್ತಾರೆ, ಬಲ್ಲವರು ಮಗುಚಿ ತಳ ನೋಡುತ್ತಾರೆ. ತಳದಲ್ಲಿ ಎರಡು ಸಾಲಿನಲ್ಲಿ ಆರು ಅಕ್ಷರ. ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಓದಬೇಕು. ಯಾವ ವಂಶ, ಯಾವ ಚಕ್ರವರ್ತಿಯ ಆಳ್ವಿಕೆ, ಆಗ ಮಾಡಿದ್ದು ಎಂದು. ಇದನ್ನು ಓದಲು ಕಲಿತವರಿಗೆ ಒಂದು ಗುಂಗು ಹತ್ತುತ್ತದೆ: ತಾರೀಖು ಬರೆದೇ ಇದೆಯಲ್ಲ! ಆದರೆ ಆ ಬರಹವನ್ನು ಸಾಕ್ಷಿ ಎಂದು ತಿಳಿಯುವಂತಿಲ್ಲ. ಜಿಂಗ್‌ಡೆಝೆನ್ ಎಂಬುದು ಜಿಯಾಂಗ್‌ಶಿ ಪ್ರಾಂತ್ಯದ ಪಿಂಗಾಣಿ ಪಟ್ಟಣ. ಅಲ್ಲಿಯ ಕುಂಬಾರರು ಹದಿನೇಳನೇ ಶತಮಾನದಲ್ಲಿ, ಕಾಂಗ್‌ಶಿ ಚಕ್ರವರ್ತಿ ಆಳುತ್ತಿದ್ದಾಗಲೇ, ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಹೆಸರನ್ನು ತಳದಲ್ಲಿ ಬರೆಯುತ್ತಿದ್ದರು. 1677ರಲ್ಲಿ ಅಲ್ಲಿಯ ಅಧಿಕಾರಿ, ಆಳುವ ಚಕ್ರವರ್ತಿಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಬಾರದು, ಒಡೆದು ಚೂರಾದರೆ ಅಪಚಾರವಾಗುತ್ತದೆ ಎಂದು ಅಪ್ಪಣೆ ಮಾಡಿದ್ದೂ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಗೌರವ. ಹಿಂದಿನವರ ಕೆಲಸ ಶ್ರೇಷ್ಠ ಎಂದು ಒಪ್ಪಿ, ಅದರ ಸಮಕ್ಕೆ ಏರಿದ್ದೇವೆ ಎಂದು ತೋರಿಸುವ ಬಗೆ. ಮುನ್ನೂರು ವರ್ಷ ಹಳೆಯ ಆ ನಕಲುಗಳೂ ಇವತ್ತು ವಸ್ತುಸಂಗ್ರಹಾಲಯಗಳಲ್ಲಿವೆ. ಆದ್ದರಿಂದ ನಕಲು ಎಂದ ಕೂಡಲೇ ಮೂಗು ಮುರಿಯುವುದು ನನಗೆ ಸರಿಬರುವುದಿಲ್ಲ. ಮುರಿಯಬೇಕಾದದ್ದು ನಕಲನ್ನು ಅಸಲು ಎಂದು ಮಾರುವವನ ಬಾಯಿಗೆ.

ಅಕ್ಷರ ಬಿಟ್ಟು ತಳದ ಅಂಚನ್ನು ನೋಡಿ. ಗೂಡಿನಲ್ಲಿ ನಿಲ್ಲಿಸುವುದಕ್ಕಾಗಿ ಆ ಉಂಗುರದ ಅಂಚಿಗೆ ಮೆರುಗು ಹಚ್ಚಿರುವುದಿಲ್ಲ, ಮಣ್ಣಿನ ಮೈ ಬಯಲಾಗಿರುತ್ತದೆ. ನೂರಾರು ವರ್ಷ ಮೇಜಿನ ಮೇಲೆ ಎಳೆದಾಡಿದ ಬಟ್ಟಲಿನಲ್ಲಿ ಆ ಅಂಚು ಕೈಗೆ ನಯವಾಗಿ ಸಿಗುತ್ತದೆ, ಗೀರುಗಳು ಅಡ್ಡಾದಿಡ್ಡಿ ಇರುತ್ತವೆ. ಉಪ್ಪುಕಾಗದದಿಂದ ತಿಕ್ಕಿದ್ದಾದರೆ ಗೀರೆಲ್ಲ ಒಂದೇ ದಿಕ್ಕು. ಮೆರುಗು ಮಂಕಾಗಲೆಂದು ಆಮ್ಲದಲ್ಲಿ ಅದ್ದುತ್ತಾರೆ. ಆಗ ಒಳಮೈ, ಹೊರಮೈ, ಹಿಡಿಯ ಸಂದು ಎಲ್ಲ ಒಂದೇ ಸಮ ಮಂಕಾಗಿರುತ್ತದೆ. ನಿಜವಾದ ಬಳಕೆ ಹಾಗೆ ಎಲ್ಲ ಕಡೆ ಸಮನಾಗಿ ಸವೆಸುವುದಿಲ್ಲ. ಬಿರುಕಿಗೆ ಚಹಾದ ಕಂದು ಬಣ್ಣ ಕುಡಿಸುತ್ತಾರೆ. ಮಣ್ಣು ಮೆತ್ತಿ, ನಮ್ಮ ಹಳ್ಳಿಯಲ್ಲಿ ಬಾವಿ ತೋಡುವಾಗ ಸಿಕ್ಕಿತು ಎನ್ನುತ್ತಾರೆ. ಹೂವಿನ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕುಂಚದ ಎಳೆಯ ಬದಲು ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಅಚ್ಚು ಹಾಕಿ ಅಂಟಿಸಿದ್ದು. ಕಿಸೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಇಟ್ಟುಕೊಳ್ಳಿ. ಅದನ್ನು ತೆಗೆದದ್ದು ಕಂಡರೇ ಕೆಲವರು ಹೇಳುವ ಬೆಲೆ ಇಳಿಯುತ್ತದೆ.

ತಳದಲ್ಲಿ ಇಂಗ್ಲಿಷಿನಲ್ಲಿ ಚೀನಾ ಎಂದು ಬರೆದಿದ್ದರೆ ಅದೂ ಒಂದು ಗುರುತು. ಆಮದು ಸರಕಿನ ಮೇಲೆ ಅದು ಯಾವ ದೇಶದ್ದೆಂದು ಬರೆದಿರಬೇಕು ಎಂದು ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ಹೇಳಿತು. ಹಾಗೆ ಬರೆದದ್ದು ಅದಕ್ಕಿಂತ ಹಿಂದಿನದಾಗಿರುವ ಸಂಭವ ಕಡಿಮೆ.

ಈ ವಿದ್ಯೆ ಕಲಿಯಲು ಸಂತೆಯಲ್ಲೇ ಒಂದು ಶಾಲೆಯಿದೆ: ಒಡೆದ ಚೂರು ಮಾರುವವರ ಸಾಲು. ನೀಲಿ ಬಿಳುಪಿನ ಚೂರುಗಳನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿರುತ್ತಾರೆ. ಇಡೀ ಬಟ್ಟಲಿನಲ್ಲಿ ಕಾಣದ್ದು ಚೂರಿನಲ್ಲಿ ಕಾಣುತ್ತದೆ. ಮಣ್ಣು ಎಷ್ಟು ಬಿಳಿ, ಎಷ್ಟು ಒತ್ತು, ಮೆರುಗು ಎಷ್ಟು ದಪ್ಪ, ಕೋಬಾಲ್ಟಿನ ನೀಲಿ ಮೆರುಗಿನ ಕೆಳಗೆ ಹೇಗೆ ಕೂತಿದೆ, ಎಲ್ಲ ಅಡ್ಡಕೊಯ್ತದಲ್ಲಿ ಬಯಲು. ಸಂಗ್ರಹಕಾರರು ಇವನ್ನು ಕೊಂಡು ಮನೆಯಲ್ಲಿಟ್ಟು ಬೆರಳಿಗೆ ಅಭ್ಯಾಸ ಮಾಡಿಸುತ್ತಾರೆ. ಇಂಥದೇ ಚೀನೀ ಪಿಂಗಾಣಿಯ ಚೂರುಗಳು ನಮ್ಮ ಹಂಪಿಯಲ್ಲಿ, ವಿಜಯನಗರದ ಶ್ರೀಮಂತರ ಮನೆಗಳಿದ್ದ ಕಡೆ ಉತ್ಖನನದಲ್ಲಿ ಸಿಕ್ಕಿವೆ. ಅಷ್ಟೇ ಏಕೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚೀನಾದ ನಾಣ್ಯವೊಂದು ಸಿಕ್ಕಿದ್ದು ಮೈಸೂರು ಪುರಾತತ್ವ ಇಲಾಖೆಯ ದಾಖಲೆಯಲ್ಲಿದೆ. ಇದನ್ನು ಕೇಳಿ ಯಾರೂ ಹಂಪಿಗೆ ಗುದ್ದಲಿ ಹಿಡಿದು ಹೊರಡಬೇಡಿ, ಜೈಲು ಗ್ಯಾರಂಟಿ.

ಜೇಡ್ ಬಗ್ಗೆ ಹೆಚ್ಚು ಮಾತು ಬೇಡ. ಬೀದಿಯಲ್ಲಿ ಕೊಳ್ಳಬೇಡಿ. ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಲ್ಲುಗಳಿವೆ. ಚೀನೀಯರು ಸಾವಿರಾರು ವರ್ಷದಿಂದ ಕೆತ್ತುತ್ತಿರುವ ನೆಫ್ರೈಟ್ ಒಂದು, ಬರ್ಮಾದಿಂದ ಬರುವ ಹಸಿರು ಜೇಡೈಟ್ ಇನ್ನೊಂದು. ಅದೇ ಜೇಡೈಟನ್ನು ಆಮ್ಲದಲ್ಲಿ ಬಿಳುಪು ಮಾಡಿ ರಾಳ ತುಂಬಿದರೆ ಬಿ ದರ್ಜೆ, ಬಣ್ಣ ಹಾಕಿದರೆ ಸಿ. ಎಲ್ಲವೂ ಒಂದೇ ತಟ್ಟೆಯಲ್ಲಿ ಹೊಳೆಯುತ್ತಿರುತ್ತವೆ. ಜೊತೆಗೆ ಬಣ್ಣ ಹಾಕಿದ ಬೆಣಚುಕಲ್ಲು, ಗಾಜು, ಮೆತ್ತನೆಯ ಸರ್ಪೆಂಟೈನ್. ಪ್ರಯೋಗಾಲಯದ ಪ್ರಮಾಣಪತ್ರ ತೋರಿಸುತ್ತಾರೆ. ಕಲ್ಲಿಗೆ ಸಿಗುವ ನಕಲು ಕಾಗದಕ್ಕೆ ಸಿಗದೇ ಇರುತ್ತದೆಯೇ? ದಂತವನ್ನಂತೂ ಮುಟ್ಟಲೇಬೇಡಿ. 2017ರ ಕೊನೆಗೆ ಚೀನಾವೇ ದಂತದ ವ್ಯಾಪಾರ ನಿಲ್ಲಿಸಿತು, ನಮ್ಮಲ್ಲಿ ಅದಕ್ಕಿಂತ ಮೊದಲೇ ನಿಷೇಧ. ಅಲ್ಲಿ ದಂತ ಎಂದು ತೋರಿಸುವುದರಲ್ಲಿ ಬಹುಪಾಲು ದನದ ಮೂಳೆ ಅಥವಾ ಪ್ಲಾಸ್ಟಿಕ್ ಎನ್ನುವುದು ಸಮಾಧಾನದ ಮಾತು, ಆದರೆ ಕಸ್ಟಮ್ಸಿನವರ ಮುಂದೆ ಅದನ್ನು ನಿರೂಪಿಸುವ ಪಡಿಪಾಟಲು ನಿಮ್ಮದು.

ಹಾಗಾದರೆ ಕೊಳ್ಳುವುದೇನು? ನನ್ನ ಲೆಕ್ಕ ಸರಳ. ನಕಲು ಮಾಡುವುದಕ್ಕೂ ಖರ್ಚಿದೆ. ನಕಲು ಮಾಡಿದರೆ ಲಾಭವಿಲ್ಲದ ವಸ್ತುವಿನಲ್ಲೇ ಅಸಲು ಉಳಿದಿರುತ್ತದೆ. ಕ್ವಿಂಗ್ ಚಕ್ರವರ್ತಿ ಕಿಯಾನ್‌ಲಾಂಗ್ ಕಾಲದ್ದೆನ್ನುವ ಹೂದಾನಿಯಲ್ಲಿ ಅಸಲು ಹುಡುಕುವ ಬದಲು ಯಾರೂ ಬಗ್ಗಿ ನೋಡದ ರಟ್ಟಿನ ಪೆಟ್ಟಿಗೆಗಳಲ್ಲಿ ಹುಡುಕಿ. ಅಲ್ಲಿ 1955ರಿಂದ 1993ರವರೆಗೆ ಚಲಾವಣೆಯಲ್ಲಿದ್ದ ದವಸದ ಪಡಿತರ ಚೀಟಿಗಳ ಕಟ್ಟು ಸಿಗುತ್ತದೆ. ಅಕ್ಕಿ, ಗೋಧಿಹಿಟ್ಟು ಕೊಳ್ಳಲು ದುಡ್ಡಿನ ಜೊತೆಗೆ ಈ ಚೀಟಿಯೂ ಬೇಕಾಗಿದ್ದ ಕಾಲದ್ದು. ಅಂಚೆಚೀಟಿಗಿಂತ ತುಸು ದೊಡ್ಡದು, ಅದರಲ್ಲೇ ಟ್ರ್ಯಾಕ್ಟರು, ಅಣೆಕಟ್ಟು, ಸೇತುವೆಯ ಚಿತ್ರ. ಅಂಗೈಯಗಲದ ಚಿತ್ರಕಥೆ ಪುಸ್ತಕಗಳು ಸಿಗುತ್ತವೆ, ಒಂದೊಂದು ಪುಟಕ್ಕೆ ಒಂದು ಚಿತ್ರ, ಕೆಳಗೆ ಎರಡು ಸಾಲು; ಯಾವುದೋ ಹುಡುಗ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗಣಿತ ಮಾಡಿರುತ್ತಾನೆ. ಮನೆಮಂದಿಯ ಕಪ್ಪುಬಿಳುಪು ಫೋಟೋಗಳು, ಕಾರ್ಖಾನೆಯ ಗುರುತಿನ ಚೀಟಿಗಳು, ಎನಾಮಲ್ ಲೋಟಗಳು.

ಮಾವೋ ಬಿಲ್ಲೆಗಳೂ ರಾಶಿ ರಾಶಿ ಇರುತ್ತವೆ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದ ಮೇಲೆ ನೂರಾರು ಕೋಟಿ ಸಂಖ್ಯೆಯಲ್ಲಿ ಅಚ್ಚಾದವು. ಅಲ್ಯೂಮಿನಿಯಂ ಎಲ್ಲ ಬಿಲ್ಲೆಗೇ ಹೋಗಿ ವಿಮಾನ ಕಟ್ಟಲು ಇಲ್ಲದಂತಾಯಿತೆಂದು ಮಾವೋ ಅವರೇ ಬೇಸರಪಟ್ಟರೆಂಬ ಮಾತಿದೆ. 1969ರಲ್ಲಿ ತಯಾರಿಕೆಗೆ ಕಡಿವಾಣ ಬಿತ್ತು. ಹಳೆಯವು ಅಷ್ಟು ಹೇರಳವಿದ್ದರೂ ಹೊಸವನ್ನು ಅಚ್ಚು ಹಾಕುತ್ತಾರೆ, ಪ್ರವಾಸಿಗರು ಹೊಳಪಿರುವುದನ್ನೇ ಆರಿಸುತ್ತಾರಾದ್ದರಿಂದ. ನನ್ನ ಲೆಕ್ಕಕ್ಕೆ ಇದೊಂದು ಅಪವಾದ. ಹಿಂಬದಿಯ ಪಿನ್ನು ತುಕ್ಕು ಹಿಡಿದಿದೆಯೇ, ಅಕ್ಷರ ಚೂಪಾಗಿವೆಯೇ ಎಂದು ನೋಡಿ ಕೊಳ್ಳಬಹುದು.

ನನ್ನ ಹೆಂಡತಿ ಮಾತ್ರ ಈ ಕಾಗದ, ಬಿಲ್ಲೆ ಯಾವುದಕ್ಕೂ ಮರುಳಾಗಲಿಲ್ಲ. ಅವಳು ನಿಂತದ್ದು ಮರದ ಅಚ್ಚುಗಳ ಮುಂದೆ. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಚೀನೀಯರು ಮೂನ್‌ಕೇಕ್ ಮಾಡುತ್ತಾರಲ್ಲ, ಅದನ್ನು ಒತ್ತುವ ಅಚ್ಚು. ಹಿಡಿಯಿರುವ ದಪ್ಪ ಹಲಗೆ, ನಡುವೆ ದುಂಡನೆಯ ಗುಳಿ, ಗುಳಿಯ ತಳದಲ್ಲಿ ಹೂವಿನ ಎಸಳು ಮತ್ತು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆದಿರುತ್ತಾರೆ. ಹೂರಣ ತುಂಬಿದ ಹಿಟ್ಟಿನ ಉಂಡೆಯನ್ನು ಗುಳಿಗೆ ಒತ್ತಿ, ಹಲಗೆಯನ್ನು ಮಗುಚಿ ಮೇಜಿನಂಚಿಗೆ ಟಕ್ಕೆಂದು ಕುಟ್ಟಿದರೆ ಕೇಕು ಅಂಗೈಗೆ ಬೀಳುತ್ತದೆ. “ಇದು ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚಿನ ಅಕ್ಕನೋ ತಂಗಿಯೋ ಆಗಿರಬೇಕು ಕಣ್ರೀ” ಎಂದಳು. ಮೈಸೂರಿನ ಅವಳ ತವರಿನಲ್ಲಿ ಆನೆ, ತುಳಸಿಕಟ್ಟೆ, ಗಿಳಿ ಎಲ್ಲ ಇರುವ ಮರದ ಅಚ್ಚುಗಳ ಪೆಟ್ಟಿಗೆಯಿದೆ, ಪಾಕ ಹುಯ್ಯುವ ಮೊದಲು ನೀರಲ್ಲಿ ನೆನೆಹಾಕಿ, ಹೋಳುಗಳನ್ನು ದಾರದಲ್ಲಿ ಬಿಗಿದು ಕಟ್ಟುವಂಥವು.

ಅವಳು ಪರೀಕ್ಷಿಸಿದ ರೀತಿ ಯಾವ ಪುಸ್ತಕದಲ್ಲೂ ಇಲ್ಲ. ಗುಳಿಗೆ ಮೂಗು ಇಟ್ಟು ಮೂಸಿದಳು. ಹೊಸ ಮರದ, ವಾರ್ನಿಷಿನ ವಾಸನೆ ಬಂದವನ್ನು ಬದಿಗಿಟ್ಟಳು. ಎಣ್ಣೆ ಕುಡಿದು ಕಪ್ಪಾಗಿ, ಸ್ವಲ್ಪ ಮುಗ್ಗಲು ವಾಸನೆ ಇದ್ದದ್ದನ್ನು ಎತ್ತಿಕೊಂಡಳು. ಆಮೇಲೆ ತುದಿಯ ಅಂಚನ್ನು ಬೆರಳಲ್ಲಿ ಸವರಿದಳು. ವರ್ಷ ವರ್ಷ ಮೇಜಿಗೆ ಕುಟ್ಟಿದ ಅಚ್ಚಿನಲ್ಲಿ ಒಂದೇ ಬದಿ ಜಜ್ಜಿ ತಗ್ಗಾಗಿರುತ್ತದೆ, ಬಲಗೈಯಲ್ಲಿ ಹಿಡಿದು ಕುಟ್ಟುವಾಗ ತಾಗುವ ಬದಿ. ಅಲಂಕಾರಕ್ಕೆಂದು ಹಳೆಯದಾಗಿ ಕಾಣಿಸಲು ಮಾಡಿದ್ದಕ್ಕೆ ಸುತ್ತ ನಾಲ್ಕೂ ಕಡೆ ಒಂದೇ ತರಹ ಪೆಟ್ಟು ಕೊಟ್ಟಿರುತ್ತಾರೆ. ಮಾರುವ ಹೆಂಗಸು ಇವಳ ಮೂಗು, ಬೆರಳು ಎರಡನ್ನೂ ನೋಡಿ ನಕ್ಕಳು. ಹೇಳಿದ್ದು 300 ಯುವಾನ್. ಕ್ಯಾಲ್ಕುಲೇಟರು ನಮ್ಮ ಕಡೆ ತಳ್ಳಿದಳು. ಇವಳು 60 ಒತ್ತಿದಳು. ಆಕೆ ಎದೆ ಮೇಲೆ ಕೈಯಿಟ್ಟು ನೊಂದವಳ ಮುಖ ಮಾಡಿದಳು. ಇವಳು ಎರಡು ಹೆಜ್ಜೆ ನಡೆದಳು. 90ಕ್ಕೆ ಮುಗಿಯಿತು. ಭಾಷೆ ಬಾರದೆ ಇಷ್ಟು ಸೊಗಸಾಗಿ ಚೌಕಾಸಿ ಮಾಡಿದ ಇಬ್ಬರು ಹೆಂಗಸರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೀಜಿಂಗಿಗೆ ಹೋಗದೆ ಹಾಂಗ್‌ಕಾಂಗಿಗೆ ಹೋಗುವವರಿಗೆ ಹಾಲಿವುಡ್ ರೋಡ್ ಇದೆ. 1844ರಷ್ಟು ಹಳೆಯದು. ಅಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳು. ಅದರ ಕೆಳಗಿನ ಮೆಟ್ಟಿಲಿಳಿದರೆ ಅಪ್ಪರ್ ಲಾಸ್ಕರ್ ರೋ ಎಂಬ ಗಲ್ಲಿ, ಜನ ಕರೆಯುವುದು ಕ್ಯಾಟ್ ಸ್ಟ್ರೀಟ್ ಎಂದು. ಲಾಸ್ಕರರೆಂದರೆ ಬ್ರಿಟಿಷರ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಕಡೆಯ ನಾವಿಕರು. ಅವರು ಬಿಡಾರ ಮಾಡಿದ್ದ ಜಾಗ. ಈಗ ಅಲ್ಲಿ ಬ್ರೂಸ್ ಲೀ ಪೋಸ್ಟರು, ದಿಕ್ಸೂಚಿ, ನಶ್ಯದ ಬುಡ್ಡಿ. ಒಳಗೆ ಚಿತ್ರ ಬರೆದ ಗಾಜಿನ ನಶ್ಯದ ಬುಡ್ಡಿ ಹೊಸದಾದರೂ ಕೊಳ್ಳಬೇಕಾದ್ದೇ ಎಂಬುದು ನನ್ನ ಮತ. ತುದಿ ಬಾಗಿದ ಸಣ್ಣ ಕುಂಚವನ್ನು ಕಡಲೆಕಾಳಿನಷ್ಟು ಬಾಯಿಯೊಳಗೆ ತೂರಿಸಿ, ಒಳಗೋಡೆಯ ಮೇಲೆ ಬರೆಯುವ ಆ ಕೈಗೆ ದುಡ್ಡು ಸಲ್ಲಬೇಕು. ಅಚ್ಚು ಹಾಕಿದ್ದೂ ಉಂಟು, ಮಸೂರ ಮರೆಯಬೇಡಿ.

ಕೊನೆಗೆ ಕಾನೂನು. ಚೀನಾದ 2007ರ ನಿಯಮದ ಪ್ರಕಾರ 1911ಕ್ಕಿಂತ ಹಿಂದಿನ ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1949ಕ್ಕಿಂತ ಹಿಂದಿನವಕ್ಕೆ, ಅಲ್ಪಸಂಖ್ಯಾತ ಬುಡಕಟ್ಟುಗಳ ವಸ್ತುಗಳಾದರೆ 1966ಕ್ಕಿಂತ ಹಿಂದಿನವಕ್ಕೆ, ಇಲಾಖೆಯ ತಪಾಸಣೆ ಬೇಕು. ಒಪ್ಪಿಗೆಯಾದ ವಸ್ತುವಿಗೆ ಕೆಂಪು ಅರಗಿನ ಮುದ್ರೆ ಒತ್ತುತ್ತಾರೆ. ಈಗ ಕಿಯಾನ್‌ಲಾಂಗ್ ಹೂದಾನಿ ಎಂದು ಮಾರುವವನ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ಅವನು ಆಣೆಯಿಟ್ಟು ಹೇಳಿದಂತೆ ಅದು ಕಿಯಾನ್‌ಲಾಂಗ್ ಕಾಲದ್ದೇ ಆಗಿದ್ದರೆ ನೀವು ಕಳ್ಳಸಾಗಣೆ ಮಾಡಿದ ಹಾಗೆ. ಅಲ್ಲದಿದ್ದರೆ ಟೋಪಿ ಹಾಕಿಸಿಕೊಂಡ ಹಾಗೆ. ಇದನ್ನು ತಿಳಿಯಲು ಮಸೂರವೂ ಬೇಡ. ಒಮ್ಮೆ ಒಬ್ಬ, ಇದು ನಮ್ಮ ಮುತ್ತಜ್ಜ ಅರಮನೆಯಿಂದ ತಂದದ್ದು ಎಂದು ಅರ್ಧ ಗಂಟೆ ಹೇಳಿದ. ಮಗಳು, “ಹಾಗಾದರೆ ರಶೀದಿಯಲ್ಲಿ ಕಾಲ ಬರೆದು ಸಹಿ ಹಾಕಿ ಕೊಡಿ” ಎಂದಳು. ಅವನು ಸ್ವಲ್ಪವೂ ಬೇಸರಪಡದೆ ಪುಸ್ತಕ ತೆಗೆದು ‘ಕರಕುಶಲ ವಸ್ತು, ಒಂದು’ ಎಂದು ಬರೆದು, ಮುದ್ರೆ ಒತ್ತಲು ಪ್ಯಾಡು ಹುಡುಕತೊಡಗಿದ.

ಏನೇ ಕೊಂಡರೂ ಅಂಥದ್ದೊಂದು ಚೀಟಿಯನ್ನು ಬರೆಸಿಕೊಂಡು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಪಿಂಗಾಣಿಯಾದರೆ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ಇದೇನೆಂದು ಕೇಳಿದಾಗ ಮುಂದೆ ಹಿಡಿಯಲು ಆ ಚೀಟಿಯೇ ಬೇಕು. ನಮ್ಮ ಅಚ್ಚನ್ನು ಕಂಡ ಅಧಿಕಾರಿ ಮಾತ್ರ ಚೀಟಿ ಕೇಳಲಿಲ್ಲ. ಯಾವ ಹೂರಣ ಹಾಕುತ್ತೀರಿ ಎಂದು ಕೇಳಿದ.